ನಿಮ್ಮ ಮನೆಯಲ್ಲಿ ಏನು ಕೆಟ್ಟುಹೋಗಿದೆ?

ಭಾನುವಾರ, ಊಟವಾದ ಮೇಲೆ

ನನ್ನ ಹಠಮಾರಿ ಮಗಳಿಗೆ ಅಮ್ಮನ ಆಶೀರ್ವಾದ, ಮುತ್ತು, ಜೊತೆಗೆ ಸ್ವಲ್ಪ ಕೋಪ.

ಮೇಲಿನ ಸರ್ಕಾರಿ ಮುದ್ರೆ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಬೇರೆ ಕಾಗದ ಸಿಗಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ದನಿ ಕೇಳಿದ ಕೂಡಲೇ ನೀನು ಫೋನನ್ನು ನಿನ್ನ ಮಗಳ ಕೈಗೆ ಕೊಟ್ಟು ಹೋಗಿಬಿಡುತ್ತೀಯ. ಆ ಚೂಟಿ ತನ್ನ ಅಪ್ಪನ ಭಾಷೆಯಲ್ಲಿ ಪಟಪಟ ಅಂತ ಏನೇನೋ ಹೇಳುತ್ತಾಳೆ, ನಾನು ಹೂಂ ಹೂಂ ಅನ್ನುತ್ತೇನೆ. ಇಷ್ಟರಲ್ಲಿ ಏನೇನಕ್ಕೆ ಒಪ್ಪಿಕೊಂಡಿದ್ದೇನೋ ದೇವರೇ ಬಲ್ಲ. ಇಂಥ ದೊಡ್ಡ ದೇಶದ ವಿದೇಶಾಂಗ ಸಚಿವೆ ತಿಳಿಯದೆ ಹೂಂಗುಟ್ಟುತ್ತಾಳೆ ಎಂದು ಹೊರಗೆ ಗೊತ್ತಾದರೆ ನನ್ನ ಕುರ್ಚಿ ಹೋಗುತ್ತದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡನ ದೇಶ ಅಂಗೈಯಗಲ ಇದ್ದರೂ ಅದರ ಬಂದರು ನಮ್ಮ ಹಡಗುಗಳ ದಾರಿಯ ಕುತ್ತಿಗೆಯಲ್ಲೇ ಕೂತಿದೆ. ಅಲ್ಲಿ ನಿಲ್ಲುವ ಅನುಮತಿ ಈ ವರ್ಷಕ್ಕೆ ಮುಗಿಯುತ್ತದೆ. ಅವರು ಇಲ್ಲ ಎಂದರೆ ನಮ್ಮ ಇಡೀ ನೌಕಾಪಡೆ ಸಮುದ್ರ ಸುತ್ತಿ ಹೋಗಬೇಕು. ಅದಕ್ಕೇ ಕಳೆದ ವಾರ ಅವರನ್ನು ಮಾತುಕತೆಗೆ ಕರೆದೆವು.

ಅವರ ಭಾಷೆ ಬಲ್ಲವರು ಇಲಾಖೆಯಲ್ಲಿ ಯಾರಿದ್ದಾರೆ ಎಂದು ನನ್ನ ಕಾರ್ಯದರ್ಶಿಯನ್ನು ಕೇಳಿದೆ. ನಾನು ಏನೆಂದರೂ ಹೌದು ಅನ್ನುತ್ತಾನೆಂದು ನೀನೇ ಅವನಿಗೆ ಹೆಸರಿಟ್ಟಿದ್ದೆಯಲ್ಲ, ಆ ಹೌದಮ್ಮ. ಭಾಷಾ ವಿಭಾಗವನ್ನು ಮುಚ್ಚಿಯಾಗಿದೆ, ಆ ಕೋಣೆಯಲ್ಲಿ ಈಗ ಟ್ರೆಡ್‌ಮಿಲ್ ಇಟ್ಟಿದ್ದೇವೆ ಎಂದ. ಹೋಗಿ ನೋಡಿದರೆ ಅಧಿಕಾರಿಗಳು ಸಾಲಾಗಿ ಓಡುತ್ತಿದ್ದಾರೆ, ಒಬ್ಬರೂ ಎಲ್ಲಿಗೂ ತಲುಪುತ್ತಿಲ್ಲ. ಮುಚ್ಚಲು ಸಹಿ ಹಾಕಿದ ಪುಣ್ಯಾತ್ಮ ಯಾರು ಎಂದು ಗುಡುಗಿದೆ. ಹೌದಮ್ಮ ನೆಲ ನೋಡಿದ. ನಾನು ಮಾತು ಬದಲಿಸಿದೆ.

ಕೊನೆಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಅನುವಾದದ ಯಂತ್ರ ತರಿಸಿದೆವು. ಯಂತ್ರ ಚೆನ್ನಾಗಿಯೇ ಇತ್ತು. ಅವರ ಮುಖ್ಯಸ್ಥೆ ನನ್ನದೇ ವಯಸ್ಸಿನ ಹೆಂಗಸು, ತಲೆಯ ಮೇಲೆ ಬುಟ್ಟಿಯಷ್ಟಗಲದ ಟೋಪಿ. ಗೋಡೆಯ ಮೇಲೆ ನಮ್ಮ ಯುದ್ಧನೌಕೆಗಳ ಚಿತ್ರ ಓಡುತ್ತಿರುವಾಗಲೇ ಆಕೆ ಮೊದಲ ಮಾತು ಆಡಿದರು. ಅದು ನನ್ನ ಕಿವಿಗೆ ಹೀಗೆ ಬಿತ್ತು: “ನಿಮ್ಮ ಮನೆಯಲ್ಲಿ ಏನು ಕೆಟ್ಟುಹೋಗಿದೆ?”

ನನಗೆ ಮೈ ಉರಿದುಹೋಯಿತು. ನಮ್ಮಲ್ಲಿ ಕೆಟ್ಟುಹೋದದ್ದು ಯಾವುದೂ ಇಲ್ಲ ಎಂದೆ. ಹೌದಮ್ಮ ಚಪ್ಪಾಳೆ ತಟ್ಟಿದ. ಆಕೆ ಮತ್ತೆ ಅದನ್ನೇ ಕೇಳಿದರು. ನಾನು ಇನ್ನೂ ಗಟ್ಟಿಯಾಗಿ ಅದನ್ನೇ ಹೇಳಿದೆ. ಅದೇ ಗಳಿಗೆಗೆ ನೌಕಾಪಡೆಯ ದೊಡ್ಡವರ ಕುರ್ಚಿಯ ಕಾಲು ಲಟಕ್ಕೆಂದು ಮುರಿದು, ಅವರು ಪದಕಗಳ ಸಮೇತ ಮೇಜಿನ ಕೆಳಗೆ ಹೋದರು. ಅತಿಥಿಗಳ ಮುಖ ಅರಳಿತು, ಎಲ್ಲರೂ ನನ್ನನ್ನೇ ನೋಡಿದರು. ನಾನು ಏನೂ ಆಗಿಲ್ಲವೆಂಬಂತೆ ಭಾಷಣ ಮುಂದುವರಿಸಿದೆ. ದೊಡ್ಡವರೂ ಪಾಪ, ಸಭೆ ಮುಗಿಯುವ ತನಕ ಕೆಳಗೇ ಕೂತು ಟಿಪ್ಪಣಿ ಬರೆದುಕೊಂಡರು.

ಅವರು ಸಹಿ ಹಾಕದೆ ಎದ್ದರು. ಕೆಳಗಿಳಿಯುವಾಗ ಲಿಫ್ಟಿನಲ್ಲಿ ನಾನು, ಆಕೆ, ಹೌದಮ್ಮ ಮೂವರೇ. ಎರಡು ಮಹಡಿಗಳ ನಡುವೆ ಅದು ನಿಂತುಬಿಟ್ಟಿತು. ಟೋಪಿ ನೋಡಿ ಹೌದಮ್ಮ ನನ್ನ ಕಿವಿಯಲ್ಲಿ, “ಮಳೆ ಬಂದ್ರೆ ಮೂರು ಜನ ನಿಲ್ಲಬಹುದು ಮೇಡಂ” ಎಂದ. ಆಕೆ ಗುಂಡಿಗಳ ಕಡೆ ಬೆರಳು ತೋರಿಸಿ ನನ್ನ ಮುಖ ನೋಡಿದರು. ನಮ್ಮ ಲಿಫ್ಟುಗಳು ಹೀಗೆ ಮಧ್ಯೆ ಮಧ್ಯೆ ವಿಶ್ರಾಂತಿ ತೆಗೆದುಕೊಳ್ಳುತ್ತವೆ ಎಂದೆ. ಆಗ ಆಕೆ ನಿಟ್ಟುಸಿರು ಬಿಟ್ಟು, ನಮ್ಮ ಭಾಷೆಯಲ್ಲೇ, ನನಗಿಂತ ಶುದ್ಧವಾಗಿ, “ನಾಲ್ಕು ಜನ ನಿಲ್ಲಬಹುದು” ಎಂದರು.

ಲಿಫ್ಟು ಹೊರಡುವ ತನಕ ಆಕೆಯೇ ಮಾತಾಡಿದರು. ಅವರ ಕಡೆ ಯಾರ ಮನೆಗೆ ಹೋದರೂ, ಯಾರು ಮನೆಗೆ ಬಂದರೂ, ಮೊದಲು ನಿಮ್ಮಲ್ಲಿ ಏನು ಕೆಟ್ಟಿದೆ ಎಂದು ಕೇಳುತ್ತಾರಂತೆ. ಎದುರಿನವರು ಯಾವುದೋ ಒಂದನ್ನು ಹೇಳಬೇಕು, ಕೇಳಿದವರು ಅದಕ್ಕೆ ಕೈ ಹಚ್ಚಬೇಕು. ನೆಂಟಸ್ತನ ಶುರುವಾಗುವುದೇ ಅಲ್ಲಿಂದ. ಏನೂ ಕೆಟ್ಟಿಲ್ಲ ಎಂದರೆ ನೀವು ನಮಗೆ ಬೇಡ ಎಂದು ಅರ್ಥವಂತೆ. “ನಿಮ್ಮ ಭಾಷೆ ನಾವು ಶಾಲೇಲೇ ಕಲೀತೀವಿ, ನಿಮ್ಮ ಪೇಪರ್ ದಿನಾ ಓದ್ತೀವಿ. ನಮ್ಮ ಬಗ್ಗೆ ನಿಮಗೆ ಏನು ಗೊತ್ತು, ಹೇಳಿ” ಎಂದರು. ನಾನು ಜನಸಂಖ್ಯೆ ಹೇಳಿದೆ. ಅದೂ ತಪ್ಪಾಗಿತ್ತು.

ನಿನಗೀಗ ನಗು ಬರುತ್ತಿರಬೇಕು. ನಗು, ಪರವಾಗಿಲ್ಲ. ನನಗೆ ನೆನಪಾದದ್ದು ನಿನ್ನ ಮದುವೆ. ನಿನ್ನ ಅತ್ತೆ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದು ಇದನ್ನೇ ಅಲ್ಲವೇ ಕೇಳಿದ್ದು? ಮಧ್ಯೆ ನಿಂತವರು ಯಾರೋ ಮಾತನ್ನು ನಮ್ಮ ಭಾಷೆಗೆ ತಂದು ಕೊಟ್ಟರೇ ಹೊರತು ಅದರ ಅರ್ಥ ತಂದು ಕೊಡಲಿಲ್ಲ. ನಮ್ಮ ಮನೆ ನಿಮ್ಮದಕ್ಕಿಂತ ಗಟ್ಟಿಯಾಗಿದೆ ಎಂದು ಹೇಳಿ, ಊಟಕ್ಕೂ ನಿಲ್ಲದೆ ಬಂದೆ. ಆರು ವರ್ಷವಾಯಿತು. ತಪ್ಪು ನನ್ನದೊಬ್ಬಳದೇ ಎಂದು ಒಪ್ಪಿಕೊಳ್ಳುತ್ತಿಲ್ಲ, ಆಕೆಯೂ ಊಟ ಬಡಿಸಿದ ಮೇಲೆ ಕೇಳಬಹುದಿತ್ತು.

ಬಂದರಿನ ಮಾತಿಗೆ ಆ ಟೋಪಿಯ ಮುಖ್ಯಸ್ಥೆ ಇನ್ನೊಂದು ಸಲ ಕೂರೋಣ ಎಂದಿದ್ದಾರೆ, ಮುಂದಿನ ತಿಂಗಳು, ಅವರ ಊರಿನಲ್ಲೇ. ಅಲ್ಲಿ ನಮ್ಮದು ಏನು ಕೆಟ್ಟಿದೆ ಎಂದು ಹೇಳಬೇಕು ಎಂಬುದಕ್ಕೆ ಮಂತ್ರಿಮಂಡಲ ಇಡೀ ದಿನ ಕೂತಿತು. ನಮ್ಮಲ್ಲಿ ಕೆಟ್ಟಿರುವುದೆಲ್ಲ ದೇಶದ ರಹಸ್ಯ ಎಂದು ರಕ್ಷಣಾ ಸಚಿವರು ಬಾಯಿ ಮುಚ್ಚಿಕೊಂಡರು. ಹಣಕಾಸಿನವರು ಎಲ್ಲಿಂದ ಶುರು ಮಾಡಲಿ ಎಂದು ಅಳುವುದಕ್ಕೇ ಕೂತರು. ಕೊನೆಗೆ ಲಿಫ್ಟು ಒಂದನ್ನು, ಅದೂ ತಾತ್ಕಾಲಿಕವಾಗಿ ಮಾತ್ರ, ಕೆಟ್ಟಿದೆ ಎಂದು ಒಪ್ಪಿಕೊಳ್ಳಲು ತೀರ್ಮಾನವಾಯಿತು.

ನೀನು ನನ್ನ ಪಕ್ಕದಲ್ಲಿ ಕೂರಬೇಕು ಮಗಳೇ. ಯಂತ್ರ ಬೇಡ. ನಾನು ಎಡವಿದರೆ ಮೇಜಿನ ಕೆಳಗೆ ಕಾಲು ತುಳಿ. ಇದು ದೇಶದ ಕೆಲಸ, ಬೇರೆ ಏನೂ ಅಂದುಕೊಳ್ಳಬೇಡ. ನಿನ್ನ ಮಗಳಿಗೆ ಮುತ್ತು, ಅಳಿಯನಿಗೆ ನನ್ನ ನೆನಪು ತಿಳಿಸು.

ನಿನ್ನನ್ನು ಬೈಯದೆ ಬೇಸರವಾಗಿರುವ,
ಅಮ್ಮ

ತಾ.ಕ.: ನಿನ್ನ ಅತ್ತೆಗೆ ಅವರ ಭಾಷೆಯಲ್ಲೇ ಹೇಳು. ನಮ್ಮ ಮನೆಯ ಕರೆಗಂಟೆ ನೀನು ಮದುವೆಯಾಗಿ ಹೋದ ವರ್ಷವೇ ಕೆಟ್ಟುಹೋಯಿತು. ಒತ್ತಲು ಯಾರೂ ಬರುವುದಿಲ್ಲವಲ್ಲ ಎಂದು ನಾನು ರಿಪೇರಿ ಮಾಡಿಸಲಿಲ್ಲ. ಇದಕ್ಕೆ ಮಂತ್ರಿಮಂಡಲದ ಒಪ್ಪಿಗೆ ಪಡೆದಿಲ್ಲ, ಬಂದರಿಗೂ ಇದಕ್ಕೂ ಸಂಬಂಧವಿಲ್ಲ. ಅವರಿಗೆ ಪುರುಸೊತ್ತಿದ್ದರೆ ಸ್ಕ್ರೂಡ್ರೈವರ್ ತೆಗೆದುಕೊಂಡು ನಿಮ್ಮೆಲ್ಲರ ಜೊತೆ ಬರಲಿ. ಬಾಗಿಲು ಜೋರಾಗಿ ಬಡಿಯಿರಿ, ನಾನು ಒಳಗೇ ಇರುತ್ತೇನೆ.