ನೀಲವ್ವನ ಹೂದೋಟದ ದಾರಿ

ತಮ್ಮಾ ಕುಬೇರಪ್ಪ,

ಮುಂಜಾನಿ ಮೋಟಾರಿಗೆ ಹಿರೇಕೆರೂರಿಗೆ ಹೊಂಟೇನಿ. ತಂಗಿ ನೀಲವ್ವನ್ನ ಕರಕೊಂಡು ನಾಳೆ ಸಂಜೀಕ ಬರ್ತೇನಿ. ತನ್ನ ಕೂಸು ತೀರಿಕೊಂಡಾಗಿಂದ ಆಕಿ ಮಾತಾಡವಲ್ಲಳು.

ಸವಣೂರಾಗ ನಿನ್ನಂಥಾ ವೀಳ್ಯದೆಲಿ ತ್ವಾಟದವ ಇಲ್ಲ, ಖರೆ. ಆದ್ರ ಆಕಿ ಕುಂತು ಮನಸ್ಸು ಹಗರ ಮಾಡಿಕೊಳ್ಳಾಕ ಹೂವಿನ ತ್ವಾಟ ಮಾಡು ಅಂದ್ರ, ಎಲಿಬಳ್ಳಿಗೆ ಹೊಡದಂಗ ಸಾಲು ಹೊಡದೀಯಲ್ಲೋ. ನೀರು ಹರಿಯೋದೊಂದ ನಿನ್ನ ತಲ್ಯಾಗ. ಎಲ್ಲಾ ದಾರಿನೂ ಬಾವಿಗೇ ಮುಟ್ಟ್ಯಾವು.

ಇವತ್ತ ಅವನ್ನೆಲ್ಲಾ ಮುಚ್ಚು. ಆಕಿ ಕುಂದ್ರೋ ಕಲ್ಲು ಬೇವಿನ ಗಿಡದ ಕಡೆ ತಿರುಗಿಸು. ಮಲ್ಲಿಗಿ ಹಬ್ಬೂತನಕ ಬಾವಿ ಸುತ್ತ ತಟ್ಟಿ ಕಟ್ಟು, ಆಳೆತ್ತರ. ಚೆಂದ ಕಾಣದಿದ್ರೂ ಇರಲಿ.

ರೊಟ್ಟಿ ಬುಟ್ಟ್ಯಾಗ ಅದಾವು. ಮೊದಲ ಉಣ್ಣು.

ಅವ್ವಗ ಹೇಳಬ್ಯಾಡ. ಮೊನ್ನೆ ಅಲ್ಲಿ ಮಂದಿ ನೀಲವ್ವನ್ನ ಬಾವ್ಯಾಗಿಂದ ಎತ್ತಿ ಉಳಿಸ್ಯಾರ.

ಅಕ್ಕ ಹಾಲವ್ವ