ಬಟ್ಟೆ ಬೆಳ್ಳಗಾದ ಮೇಲೂ ಉಳಿದ ಹಳದಿ

ಅಪ್ಪಾ,

ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು ಅನ್ನಿಸಿತು. ಬೆಳಿಗ್ಗೆ ಒಂದು ಮನೆಗೆ ಹೋಗಿ ಐದು ದಿನದ ಕೂಸಿನ ಫೋಟೊ ತೆಗೆದಿದ್ದೆ. ಸ್ಟುಡಿಯೊಗೆ ಬಂದು ಕಂಪ್ಯೂಟರಿನಲ್ಲಿ ರಾ ಫೈಲ್, ಅಂದರೆ ಇನ್ನೂ ತಿದ್ದದ ಮೂಲ ಚಿತ್ರ, ತೆರೆದರೆ ಚಿತ್ರವೆಲ್ಲ ಹಳದಿ. ಬಲ್ಬಿನ ಕಾಟ ಅಂದುಕೊಂಡು, ಬಿಳಿ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿಮಾಡಲು ಕೂಸು ಮಲಗಿದ್ದ ಬಿಳಿ ಬಟ್ಟೆಯ ಮೇಲೆ ಕ್ಲಿಕ್ ಮಾಡಿದೆ. ಬಟ್ಟೆ ಅಚ್ಚ ಬಿಳಿಯಾಯಿತು. ಕೂಸು ಮಾತ್ರ ಹಳದಿಯಾಗಿಯೇ ಉಳಿಯಿತು, ಕಣ್ಣಿನ ಬಿಳಿಯೂ ಸೇರಿ.

ಕಲರ್ ಟೆಂಪರೇಚರ್ ಇನ್ನಷ್ಟು ಇಳಿಸಿ ಇಡೀ ಚಿತ್ರವನ್ನು ನೀಲಿಯತ್ತ ತಳ್ಳಿದ್ದರೆ ಆ ಹಳದಿಯೂ ಮಾಯವಾಗುತ್ತಿತ್ತು. ನಿನ್ನ ಕೊನೆಯ ಹುಟ್ಟುಹಬ್ಬದ ಫೋಟೊಗೆ ಹಾಗೆಯೇ ಮಾಡಿದ್ದೆ. ನಿನ್ನ ಬಿಳಿ ಅಂಗಿ ನೀಲಿಗೆ ತಿರುಗಿದ್ದು ನನಗೆ ಕಂಡಿತ್ತು. "ಮುಖಕ್ಕೆ ಎಷ್ಟು ಕಳೆ ಬಂತು ನೋಡು," ಎಂದು ನೀನು ಖುಷಿಪಟ್ಟೆ. ಡಾಕ್ಟರು ಕಾಮಾಲೆ ಎಂದದ್ದು ಎರಡು ತಿಂಗಳ ನಂತರ.

ಕೂಸಿನ ತಾಯಿಗೆ ಫೋನ್ ಮಾಡಿ, ಕೂಸು ಹಳದಿಯಾಗಿ ಕಾಣುತ್ತಿದೆ ಎಂದೆ.

"ಫೋಟೊದಲ್ಲೇ ಸರಿ ಮಾಡಿಬಿಡಿ ಮೇಡಂ."

"ಮಾಡಲ್ಲಮ್ಮ. ಇದು ಬೆಳಕಿನ ಹಳದಿ ಅಲ್ಲ. ಈಗಲೇ ಆಸ್ಪತ್ರೆಗೆ ಹೋಗು."

"ಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂತಾರೆ ಅತ್ತೆ."

"ಅವರಿಗೆ ಫೋನ್ ಕೊಡು."

ಅವಳ ಅತ್ತೆ ನನಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ನಾನು ಬಿಡಲಿಲ್ಲ. ಅವರ ಮನೆ ಬಾಗಿಲಿಗೇ ಹೋಗಿ ನಿಂತು ಎಲ್ಲರನ್ನೂ ಹೊರಡಿಸಿದೆ.

"ಸರಿಯಾದ ಹೊತ್ತಿಗೆ ತಂದ್ರಿ," ಎಂದರು ಡಾಕ್ಟರು. ಕೂಸಿಗೆ ಚಿಕಿತ್ಸೆ ಶುರುವಾಗಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ನಾವು ಯಾರೂ ನೋಡ್ಲಿಲ್ಲ. ನಿಂಗೆ ಹೇಗಮ್ಮ ಗೊತ್ತಾಯ್ತು?"

ನಿನ್ನ ಆ ಫೋಟೊದ ಮಾತು ಎತ್ತದೆ, ಮಗು ಮನೆಗೆ ಬಂದ ಮೇಲೆ ಹೊಸ ಫೋಟೊ ತೆಗೆದುಕೊಡ್ತೀನಿ ಅಂದೆ, ಅಷ್ಟೆ.