ಹಾಡು ಬಂದರೆ ತವೆ ಇಡು

ಜೂನ್ 4, 2007. ಸೋಮವಾರ, ಮಧ್ಯಾಹ್ನ

ಅಕ್ಷರ ಸೊಟ್ಟ. ತಪ್ಪುಗಳೂ ಇರುತ್ತವೆ. ಓದುವವರು ಯಾರೂ ಇಲ್ಲ, ಆದರೂ ಇಷ್ಟು ಬಿಳಿ ಹಾಳೆ ನೋಡಿ ಕ್ಷಮೆ ಕೇಳಬೇಕೆನಿಸಿತು. ಆಳಂದದಲ್ಲಿ ಐದನೆಯ ಇಯತ್ತೆ ಮುಗಿದ ಮೇಲೆ ಬರೆದದ್ದು ಕಿರಾಣಿ ಚೀಟಿ ಮಾತ್ರ.

ಡೈರಿ ತನ್ವಿಯದು. ಆಫೀಸಿನಲ್ಲಿ ಕೊಟ್ಟರಂತೆ, ಅವಳಿಗೆ ಬೇಡವಂತೆ.

ಬೆಳಿಗ್ಗೆ ಜೋಳ ಗಿರಣಿಗೆ ಹಾಕಿ ಬಂದೆ. ಕೋಕಿಲಾಳ ಡಬ್ಬಿ, ತನ್ವಿಯ ಡಬ್ಬಿ ಕಟ್ಟಿದೆ. ಇಬ್ಬರೂ ಸಾಫ್ಟ್‌ವೇರ್. ಉಮಾಬಾಯಿ ಅತ್ತೆಯ ಈ ತಾರ್ನಾಕದ ಮನೆಯಲ್ಲಿ ಮೇಲಿನ ಕೋಣೆ ಬಾಡಿಗೆಗೆ ಅವರದು. ಕೆಳಗೆ ಅತ್ತೆ, ಅಡುಗೆಗೆ ನಾನು, ಒಲೆ.

ತನ್ವಿಯ ಆಫೀಸು ಗಚ್ಚಿಬೌಲಿಗೆ ಹೋಗಿದೆ. ಬಸ್ಸಿನಲ್ಲೇ ಅರ್ಧ ದಿನ. ಅಲ್ಲೇ ಹಾಸ್ಟೆಲ್ ನೋಡುತ್ತಿದ್ದಾಳೆ. "ತಿಂಗಳ ಕೊನೆಗೆ ಡಿಸೈಡ್ ಮಾಡ್ತೀನಿ" ಅಂದಳು. ನಾನು ಡಬ್ಬಿಯ ಮುಚ್ಚಳ ಒತ್ತಿದೆ.

ಜೂನ್ 5, ಮಂಗಳವಾರ

ನಿನ್ನೆ ಸಂಜೆ ಹಾಲ್‌ನಲ್ಲಿ ದೊಡ್ಡ ವಾದ. ತನ್ವಿ ಲ್ಯಾಪ್‌ಟಾಪಿನಲ್ಲಿ ಜಪಾನಿನ ಸರಣಿಯೊಂದನ್ನು ನೋಡುತ್ತಾಳೆ. ಕಾರ್ಟೂನ್ ಅನ್ನಬಾರದು, ಅನಿಮೆ ಅನ್ನಬೇಕು. ಒಬ್ಬ ಅಂಬಿಗರ ಹುಡುಗ, ಹೆಸರು ಹಾರು. ಒಂದೊಂದು ಎಪಿಸೋಡಿನಲ್ಲಿ ಒಬ್ಬೊಬ್ಬರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಾನೆ. ಜಗತ್ತಿನಲ್ಲೇ ಇಂಥದ್ದು ಇನ್ನೊಂದಿಲ್ಲ ಅಂತಾರಂತೆ.

"ಎಂತ ಮಾರಾಯ್ತಿ ಇದು! ಅರ್ಧ ಗಂಟೆ ಹುಟ್ಟು ಹಾಕುದು, ಮತ್ತೆ ಅಳುದು" — ಕೋಕಿಲಾ.

"ನೆಟ್ಟಲ್ಲಿ ಹತ್ತಕ್ಕೆ ಒಂಬತ್ತೂವರೆ ಕೊಟ್ಟಿದ್ದಾರೆ ಕಣೆ."

"ಕೊಟ್ಟವರೆಲ್ಲ ನಿನ್ನ ಹಾಗೇ ಅಳುಮುಂಜಿಗಳು."

ತನ್ವಿ ಸುತ್ತ ನೋಡಿದಳು. ಬಾಗಿಲ ಹತ್ತಿರ ನಾನಿದ್ದೆ, ಮೆಂತ್ಯ ಸೊಪ್ಪು ಸೋಸುತ್ತ.

"ಗದಿಗೆಮ್ಮ ಹೇಳ್ಲಿ. ಅವಳು ಯಾವ ರಿವ್ಯೂನೂ ಓದಿಲ್ಲ. ಗದಿಗಿ, ಮೊದಲಿಂದ ಮತ್ತೆ ಹಾಕ್ತೀನಿ, ಪೂರ್ತಿ ನೋಡಿ ಹೇಳು. ಅಷ್ಟು ಹೆಸರಿಗೆ ತಕ್ಕ ಹಾಗಿದೆಯಾ, ಇಲ್ವಾ? ನೀನೇ ಜಡ್ಜ್."

ಉಪ್ಪು ಸರಿಯಿದೆಯಾ ಅಂತ ನಾನು ಎಲ್ಲರನ್ನೂ ಕೇಳುತ್ತೇನೆ. ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು... ನೆನಪಿಲ್ಲ.

ಜೂನ್ 9, ಶನಿವಾರ

ದಿನಾ ಸಂಜೆ ನೋಡುತ್ತೇವೆ. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಸಾಲು. ಎರಡೂ ನನಗೆ ಬರುವುದಿಲ್ಲ. ತನ್ವಿ ಮುಂದೆ ಕೂತು ಕನ್ನಡದಲ್ಲಿ ಹೇಳುತ್ತ ಹೋಗುತ್ತಾಳೆ. ನಾನು ಹಿಂದೆ, ಬಾಗಿಲಿಗೆ ಒರಗಿ. ಅತ್ತೆ ಒಳಗಿನಿಂದಲೇ ಕೇಳಿದಳು — "ಜಪಾನದಾಗೂ ಮೈಸೂರ ಕನ್ನಡಾನ ಮಾತಾಡ್ತಾರೇನು?"

ಕೊನೆಗೆ ಹಾಡು ಬರುತ್ತದೆ. ಕೊಳಲಿನಂಥದ್ದೇನೋ. ಅತ್ತೆಗೆ ಅದು ಅನುಕೂಲವಾಯಿತು. "ಆ ಹಾಡು ಬಂತಂದ್ರ ಎದ್ದು ತವಾ ಇಡು. ಹುಡುಗ್ಯಾರು ಕೈ ತೊಳ್ಕೊಂಡು ಬರೂದ್ರಾಗ ರೊಟ್ಟಿ ಬಿಸಿ ಇರಬೇಕು." ಹಾಗೆಯೇ ಮಾಡುತ್ತೇನೆ. ಹಾಡು ಬಂತು, ತವೆ ಇಟ್ಟೆ.

ಇವತ್ತು ಕೋಳಿ ಹಿಡಿದುಕೊಂಡ ಮುದುಕಿ ದೋಣಿ ಹತ್ತಿದಳು. ಆಚೆ ದಡದಲ್ಲಿ ತಂಗಿ ಇದ್ದಾಳೆ, ಬಹಳ ಹಿಂದೆ ಮಾತು ಬಿಟ್ಟಿದ್ದಾರೆ. ಕೋಳಿ ಯಾರಿಗೆ ಅಂತ ಹೇಳುವುದಿಲ್ಲ. ನಡುಹೊಳೆಯಲ್ಲಿ ಹಾಡು ಬಂತು.

ರೊಟ್ಟಿ ಬಡಿಯುವಾಗೆಲ್ಲ ಅವಳದೇ ಯೋಚನೆ.

ಜೂನ್ 14, ಗುರುವಾರ

ಕೋಕಿಲಾ ನೈಟ್ ಶಿಫ್ಟ್. ನಾವಿಬ್ಬರೇ. ತನ್ವಿ ಹಾಸ್ಟೆಲಿನ ಫೋಟೋ ತೋರಿಸಿದಳು. ಲಿಫ್ಟ್ ಇದೆ. ಊಟ ಚೆನ್ನಾಗಿರಲ್ಲವಂತೆ.

ಇನ್ನು ಸ್ವಲ್ಪವೇ ಎಪಿಸೋಡ್ ಉಳಿದಿವೆ. ನನಗೆ ಭಯ. ಒಳ್ಳೆಯದಿದೆ, ಆದರೆ ಅಷ್ಟು ಹೆಸರು ಯಾಕೆ ಬಂತೋ ತಿಳಿಯುತ್ತಿಲ್ಲ. ಯಾವುದೂ ಮುಗಿಯುವುದೇ ಇಲ್ಲ. ಹಾಗಂತ ಹೇಳಿದರೆ ತನ್ವಿಗೆ ಬೇಜಾರು. ಹೋಗುವವಳನ್ನು ನಾನೇ ಕಳಿಸಿದ ಹಾಗೆ. ಚೆನ್ನಾಗಿದೆ ಅಂದರೆ ಇಲ್ಲೇ ಉಳಿಯುತ್ತಾಳೇನೋ. ಸುಳ್ಳು ಹೇಳಿದರೆ ನನ್ನನ್ನು ಕೇಳಿ ಏನು ಪ್ರಯೋಜನ?

ಜೂನ್ 17, ಭಾನುವಾರ

ಮುಗಿಯಿತು. ಊಟಕ್ಕೆ ಕೂತಾಗ ಕೇಳಿದರು.

"ಚಲೋ ಐತ್ರಿ" ಅಂದೆ.

"ಅಷ್ಟೇನಾ?" ತನ್ವಿ.

"ಅವಳಿಗೆ ನಿನ್ನ ಹೆದರಿಕೆ" ಕೋಕಿಲಾ ಅಂದಳು. "ಸತ್ಯ ಹೇಳು ಮಾರಾಯ್ತಿ, ಅವಳೆಂತ ತಿಂತಾಳಾ ನಿನ್ನನ್ನು?"

ತಟ್ಟೆ ನೋಡುತ್ತ ಹೇಳಿಬಿಟ್ಟೆ. "ಆದ್ರ ಯಾರೂ ದಡಾನ ಮುಟ್ಟಂಗಿಲ್ಲಲ್ರಿ. ನಡುಹೊಳ್ಯಾಗ ಬಿಟ್ಟು ಹಾಡು ಹಾಕ್ತಾರ. ಇಷ್ಟ ಹೆಸರು ಹೆಂಗ ಬಂತ್ರಿ?"

ತನ್ವಿ ತುತ್ತು ಹಿಡಿದೇ ಕೂತಳು. "ಮುಟ್ತಾರಲ್ಲೇ. ಎಲ್ಲರೂ ಮುಟ್ತಾರೆ. ಹಾಡು ಬರ್ತಿದ್ದಾಗ."

ಹಾಡಿನಲ್ಲಿ ಮಾತಿಲ್ಲ. ಅದಕ್ಕೆ ತನ್ವಿ ಏನೂ ಹೇಳುತ್ತಿರಲಿಲ್ಲ. ನಾನು ಹಾಡು ಅಂದರೆ ಮುಗಿಯಿತು ಅಂದುಕೊಂಡು ತವೆ ಇಡಲು ಏಳುತ್ತಿದ್ದೆ. ಥಿಯೇಟರಿನಲ್ಲಿ ಎಲ್ಲರೂ ಏಳುತ್ತಾರಲ್ಲ, ಹಾಗೆ.

ಕೋಕಿಲಾ ನಕ್ಕು ನಕ್ಕು ಬಿಕ್ಕಳಿಸಿದಳು. ಅತ್ತೆ ನೀರು ಕೊಟ್ಟಳು. ತನ್ವಿ ನಗಲಿಲ್ಲ. "ಒಂದ್ಸಲಾನೂ ನೋಡಿಲ್ವಾ?" ಅಂದಳು. ಮೇಲೆ ಹೋದಳು. ಒಂದು ರೊಟ್ಟಿ ಹಾಗೇ ಉಳಿಯಿತು.

ಜೂನ್ 18

ಪಾತ್ರೆ. ಬಟ್ಟೆ. ಏನೂ ಬರೆಯಲಾರೆ.

ಜೂನ್ 22, ಶುಕ್ರವಾರ

ಸಂಜೆ ಹಾಲ್‌ಗೆ ಹೋಗಿಲ್ಲ. ಡಬ್ಬಿ ಮೆಟ್ಟಿಲ ಮೇಲಿಟ್ಟು ಬರುತ್ತೇನೆ.

ಅತ್ತೆಯ ಜೊತೆ ಸುಲ್ತಾನ್ ಬಜಾರಿಗೆ ಹೋಗಿದ್ದೆ, ದಿಂಬಿನ ಬಟ್ಟೆಗೆ. ಬಸ್ಸಿನಲ್ಲಿ ಅತ್ತೆ ಕೇಳಿದಳು, "ಆ ಕೋಳಿ ಮುದಿಕಿ ಏನಾದಳ?"

ನನಗೆ ಗೊತ್ತಿಲ್ಲವಲ್ಲ. ಆದರೂ ಹೇಳಿದೆ. ದಡಕ್ಕೆ ಇಳಿದಳು, ತಂಗಿ ಬಾಗಿಲು ತೆಗೆಯಲಿಲ್ಲ, ಕೋಳಿಯನ್ನು ಅಂಗಳದಲ್ಲಿ ಬಿಟ್ಟು ವಾಪಸ್ ದೋಣಿಗೆ ಬಂದಳು. ಬೆಳಗಾದರೆ ಕೋಳಿ ಮೊಟ್ಟೆ ಇಡುತ್ತದೆ, ತಂಗಿ ಬಾಗಿಲು ತೆಗೆಯಲೇಬೇಕು. ರೊಟ್ಟಿ ಬಡಿಯುತ್ತ ನಾನೇ ಅವಳನ್ನು ಹಾಗೆ ಇಳಿಸಿದ್ದೆ. ಅವಳೊಬ್ಬಳನ್ನೇ ಅಲ್ಲ, ಎಲ್ಲರನ್ನೂ.

"ದಡಾ ಮುಟ್ಟಿದಳಲ್ಲ, ಮತ್ತ ನೀ ಯಾಕ ಸಪ್ಪಗದಿ?" ಅಂದಳು ಅತ್ತೆ. ತಾರ್ನಾಕದಲ್ಲಿ ಇಳಿಯುವಾಗ, "ಐತವಾರ ತವಾ ನಾ ಇಡ್ತೀನಿ. ಹೋಗಿ ಕೇಳು, ತೋರಸ್ತಾಳ."

ಜೂನ್ 24, ಭಾನುವಾರ

ಕೇಳಿದೆ. ಮೆಟ್ಟಿಲ ಮೇಲೆ ನಿಂತು, ಒಂದೇ ಉಸಿರಿಗೆ. ತನ್ವಿ, "ನಾನೇ ಬೇಜಾರು ಮಾಡ್ಕೊಂಡೆ, ನೀನ್ಯಾಕೆ ಮೂಲೆ ಸೇರಿದೆ?" ಅಂದಳು. ಲ್ಯಾಪ್‌ಟಾಪ್ ತಂದಳು. ಬರೀ ಕೊನೆಗಳನ್ನು ಹಾಕಿದಳು, ಒಂದಾದ ಮೇಲೊಂದು. ಎಲ್ಲರೂ ದಡಕ್ಕೆ ಇಳಿದರು.

ಮುದುಕಿಯ ತಂಗಿ ಓಡಿ ಬಂದು ತಬ್ಬಿಕೊಂಡಳು. ಇಬ್ಬರೂ ಅತ್ತರು. ಕೋಳಿಯನ್ನು ಯಾರೂ ನೋಡಲಿಲ್ಲ.

"ಈಗ ಹೇಳಿ ಜಡ್ಜ್ ಸಾಹೇಬರೇ."

 ಸೆರಗು ಸರಿಮಾಡಿಕೊಂಡು ಹೇಳಿದೆ. "ನೀರಿನ ಮ್ಯಾಲಿಂದು ಪೂರಾ ಹೆಸರಿಗೆ ತಕ್ಕಂಗ ಐತ್ರಿ. ಆ ಹುಡುಗ ಸುಮ್ಮನ ಕೇಳ್ಕೋತ ಹುಟ್ಟು ಹಾಕ್ತಾನಲ್ರಿ, ಅಂಥಾದ್ದು ನಾ ಎಲ್ಲೂ ನೋಡಿಲ್ಲ. ದಡದ್ದು ಅರ್ಧಾ."

"ಯಾಕೆ ಅರ್ಧ?"

"ಇಳಿದ ಕೂಡಲೆ ಎಲ್ಲಾರೂ ಅಳ್ತಾರ್ರಿ. ನಾವು ಅಳೂಕಿಂತ ಮೊದಲ ಹಾಡು ಅಳತೈತಿ."

"ಸೂಪರ್!" ಕೋಕಿಲಾ ಚಪ್ಪಾಳೆ ಹೊಡೆದಳು.

"ನೀನು ಸುಮ್ನಿರೇ. ಇಲ್ಲ ಗದಿಗಿ, ತಪ್ಪು. ಅಷ್ಟು ವರ್ಷ ಮಾತು ಬಿಟ್ಟವರು ಅಳದೇ ಇನ್ನೇನು ಮಾಡ್ತಾರೆ?"

ನನ್ನ ಮುದುಕಿಯ ಕಥೆ ಹೇಳಿದೆ. ಬಾಗಿಲು, ಮೊಟ್ಟೆ, ಎಲ್ಲ. ತನ್ವಿ ಒಪ್ಪಲಿಲ್ಲ. "ಅದು ಕ್ರೂರ" ಅಂದಳು. "ಕ್ರೂರ ಅಲ್ರಿ, ತಡಾ ಅಷ್ಟ" ಅಂದೆ. ಅವಳು ಮತ್ತೆ ಆ ದೃಶ್ಯ ಹಾಕಿ ತಂಗಿಯ ಮುಖ ತೋರಿಸಿದಳು. ನಾನು ಕೋಳಿ ತೋರಿಸಿದೆ. ಅತ್ತೆ ಒಳಗಿನಿಂದ, "ರೊಟ್ಟಿ ಆರಿ ತಗಡಾದುವಲ್ರೇ!" ಅಂತ ಕೂಗಿದಳು. ಯಾರೂ ಏಳಲಿಲ್ಲ.

ತಗಡಿನ ರೊಟ್ಟಿ ತಿಂದೆವು. ನನ್ನ ಮಾತಿನ ಮೇಲೆ ಇಷ್ಟು ಹೊತ್ತು ಯಾರೂ ಜಗಳ ಮಾಡಿರಲಿಲ್ಲ.

ಜೂನ್ 27, ಬುಧವಾರ

ತನ್ವಿ ಹೋಗುವುದು ಖಾತ್ರಿ. ಹಾಸ್ಟೆಲಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾಳೆ. ನನ್ನ ತೀರ್ಪಿಗೂ ಅದಕ್ಕೂ ಸಂಬಂಧವಿಲ್ಲ. ಬಸ್ಸಿನ ದಾರಿ ದೂರ, ಅಷ್ಟೇ. ಚೆನ್ನಾಗಿದೆ ಅಂದಿದ್ದರೂ ಹೋಗುತ್ತಿದ್ದಳು. ಸುಳ್ಳು ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಕೊತ್ತಂಬರಿ ಬಿಡಿಸುವಾಗ ಬಂದು ಕೂತಳು. "ಆದ್ರೂ ದಡದ್ದು ಮುಕ್ಕಾಲಾದ್ರೂ ಕೊಡಬೇಕು ಕಣೆ."

"ಅರ್ಧಾನ್ರಿ."

ಜುಲೈ 1, ಭಾನುವಾರ. ಬೆಳಿಗ್ಗೆ

ಆಟೋ ಬೇಗ ಬಂತು. ಚೀಲ, ಬಕೆಟ್ಟು, ದಿಂಬು. ತವೆ ಒಲೆಯ ಮೇಲಿತ್ತು, ಕೈಯಲ್ಲಿ ಹಿಟ್ಟು. "ಬರ್ತೀನಿ ಗದಿಗಿ" ಅಂತ ಹೊರಗಿನಿಂದ ಕೂಗಿದಳು. ಅಲ್ಲಿಂದಲೇ ಹ್ಞೂಂ ಅನ್ನುವವಳಿದ್ದೆ.

ಗ್ಯಾಸ್ ಆರಿಸಿದೆ. ಹಿಟ್ಟಿನ ಕೈಯಲ್ಲೇ ಗೇಟಿಗೆ ಹೋದೆ. ಆಟೋ ಹೊರಟಿತು. ಅತ್ತೆ ಒಳಗಿನಿಂದ ಕರೆಯುತ್ತಿದ್ದಳು. ನಾನು ನಿಂತೇ ಇದ್ದೆ, ಅದು ಮೂಲೆಯ ಅಂಗಡಿ ದಾಟಿ, ದೊಡ್ಡ ರಸ್ತೆಗೆ ಸೇರಿ, ಪೂರ್ತಿ ಕಾಣದಾಗುವ ತನಕ.